ಸಹನೆಯಾ ತಾಳ್ಮೆಯಾ? ಒಂದು ಬೋರ್ಡಿನ ಕಥೆ

ಹೋದ ವಾರ ಅಮ್ಮನನ್ನು ಕರ್ಕೊಂಡು ಮಂಗಳೂರಲ್ಲಿ ಒಂದು ಆಸ್ಪತ್ರೆಗೆ ಹೋಗಿದ್ದೆ. ನಮ್ಮ ಟೋಕನ್ 43, ಒಳಗೆ ನಡೀತಿದ್ದದ್ದು 11. ಎದುರು ಗೋಡೆಲಿ "ದಯವಿಟ್ಟು ಸಹನೆಯಿಂದ ಕಾಯಿರಿ" ಅಂತ ಬೋರ್ಡು. ಪಕ್ಕದಲ್ಲಿ ಕೂತಿದ್ದ ಅಜ್ಜ ಒಬ್ರು ಅದನ್ನು ಎರಡು ಸಲ ಓದಿ, "ಸಹನೆ ಯಾಕೆ ಮಾರ್ರೆ, ಇವ್ರೇನು ನಮಗೆ ಬೈದಿದ್ದಾರಾ?" ಅಂತ ಕೇಳಿದ್ರು. ನಗು ಬಂತು, ಆದ್ರೆ ಆ ಮಾತು ತಲೆಯಿಂದ ಹೋಗ್ಲೇ ಇಲ್ಲ, ಅದಕ್ಕೇ ಇಲ್ಲಿ ಹಾಕ್ತಾ ಇದ್ದೇನೆ.

ಅಜ್ಜ ಹೇಳಿದ್ದು ಸರಿ ಅಂತಲೇ ನನಗೂ ಕಾಣ್ತದೆ. ಸಹನೆಗೆ ಎದುರಿಗೆ ಒಬ್ಬ ಆಸಾಮಿ ಬೇಕು, ಕಿರಿಕಿರಿ ಮಾಡುವವನು, ಬೈಯುವವನು. ತಾಳ್ಮೆಗೆ ಹಾಗಿಲ್ಲ, ಒಂದು ಕೆಲಸ ಇದ್ದು ಅದಕ್ಕೆ ಹೊತ್ತು ಹಿಡಿದ್ರೆ ಸಾಕು. "ಅಮ್ಮ ತಾಳ್ಮೆಯಿಂದ ಬೀಡಿ ಕಟ್ತಿದ್ರು" ಅಂದ್ರೆ ಏನೂ ತೊಂದ್ರೆ ಇಲ್ಲ, ಅದೇ "ಸಹನೆಯಿಂದ ಬೀಡಿ ಕಟ್ತಿದ್ರು" ಅಂದ್ರೆ ಬೀಡಿ ತಗೊಳ್ಳುವ ಬ್ರಾಂಚಿನವರು ಏನೋ ಅಂದಿರ್ಬೇಕು ಅಂತ ಡೌಟ್ ಬರ್ತದೆ. ಅಸಹನೆ ಅನ್ನುವ ಪದವನ್ನೂ ನೋಡಿ, ಅದು ಯಾವಾಗ್ಲೂ ಯಾರದ್ದೋ ಮೇಲೆ ಇರುವಂಥದ್ದು.

ಸಂಸ್ಕೃತದ ಸಹ್ ಧಾತುವಿಗೆ ವೇದದಲ್ಲಿ ಗೆಲ್ಲು, ಮೇಲುಗೈ ಆಗು ಅಂತಲೂ ಅರ್ಥ ಉಂಟು. ಸಹಸ್ ಅಂದ್ರೆ ಬಲ, ಸಾಹಸ ಬಂದದ್ದು ಅಲ್ಲಿಂದಲೇ. ಹಾಗಾಗಿ ಸಾಹಸ, ಸಹನೆ ಎರಡೂ ಒಂದೇ ಮನೆಯವು, ಅಸಹ್ಯವೂ ಅದೇ ಮನೆಯದ್ದು, ತಡ್ಕೊಳ್ಳಿಕ್ಕೆ ಆಗದ್ದು ಅಂತ ಇದ್ದದ್ದು ಈಗ ಹೇಸಿಗೆ ಅಂತ ಆಗಿದೆ. ಪೇಷೆನ್ಸ್, ಪೇಷೆಂಟ್ ಎರಡೂ ನೋವು ಉಣ್ಣು ಅನ್ನುವ ಒಂದೇ ಲ್ಯಾಟಿನ್ ಪದದಿಂದ ಬಂದವು, ಆ ಲೆಕ್ಕದಲ್ಲಿ ಬೋರ್ಡು ಸರಿಯಾದ ಜಾಗದಲ್ಲೇ ಇದೆ ಬಿಡಿ.

ತಾಳ್ಮೆ ನಮ್ಮದೇ ಪದ. ದುಡಿಯಿಂದ ದುಡಿಮೆ ಆದ ಹಾಗೆ ತಾಳ್‌ನಿಂದ ತಾಳ್ಮೆ. ತಾಳು ಅಂದ್ರೆ ಸುಮ್ಮನೆ ಕೂತು ಕಾಯುದು ಅಲ್ಲ, ಹೊರುದು, ಹಿಡ್ಕೊಳ್ಳುದು. ರೂಪ ತಾಳುದು, ಮೌನ ತಾಳುದು, ಗರ್ಭ ತಾಳುದು ಎಲ್ಲ ಅದೇ. "ಈ ಕೊಡೆ ಎರಡು ಮಳೆಗಾಲ ತಾಳ್ತದೆ" ಅಂತ ಅಂಗಡಿಯವ ಹೇಳುವಾಗ ಕೊಡೆಗೆ ಗುಣ ಉಂಟು ಅಂತ ಅಲ್ಲ, ಗಾಳಿಮಳೆಗೆ ಕಡ್ಡಿ ಮುರಿಯುದಿಲ್ಲ ಅಂತ, ಅಷ್ಟೇ. ನನಗೆ ತಾಳ್ಮೆಯ ಅರ್ಥ ಸರಿಯಾಗಿ ಸಿಕ್ಕಿದ್ದು ಈ ಕೊಡೆಯಲ್ಲೇ. ನಮ್ಮ ಮಂಗಳೂರಿನ ಬಾಸೆಲ್ ಮಿಶನ್‌ನವರ ಹಂಚು ನಮ್ಮ ಹಳೇ ಮನೆ ಮಾಡಿನಲ್ಲಿ ಈಗ್ಲೂ ತಾಳಿಕೊಂಡು ಕೂತಿದೆ.

ಈಗ ತೊಡಕು ಬರುದು ಇಲ್ಲಿ. ಸೋದೆ ಮಠದ ವಾದಿರಾಜರ "ತಾಳುವಿಕೆಗಿಂತನ್ಯ ತಪವು ಇಲ್ಲ" ಕೀರ್ತನೆ ಗೊತ್ತಲ್ಲ, ಅದರಲ್ಲಿ ದುಷ್ಟರು ಆಡುವ ನಿಷ್ಠುರದ ನುಡಿಯನ್ನೂ ತಾಳು ಅಂತ ಬರ್ತದೆ. ನನ್ನ ಲೆಕ್ಕದಲ್ಲಿ ಅದು ಸಹನೆ ಆಗ್ಬೇಕಿತ್ತು! ಅಂದ್ರೆ ಅವರ ಕಾಲಕ್ಕೆ ತಾಳು ಒಂದೇ ಎರಡಕ್ಕೂ ಸಾಕಾಗ್ತಿತ್ತು ಅಂತ ಆಯ್ತು. (ಪರ್ಯಾಯವನ್ನು, ಅಂದ್ರೆ ಉಡುಪಿ ಕೃಷ್ಣನ ಪೂಜೆ ಮಠಗಳಿಗೆ ಸರದಿಯಲ್ಲಿ ಬರುದನ್ನು, ಎರಡು ತಿಂಗಳಿಂದ ಎರಡು ವರ್ಷಕ್ಕೆ ಮಾಡಿದವರೂ ವಾದಿರಾಜರೇ ಅಂತ ಉಡುಪಿಯಲ್ಲಿ ಹೇಳುದು. 8 ಮಠ, ಒಮ್ಮೆ ಪೀಠ ಬಿಟ್ರೆ ಮತ್ತೆ ಸರದಿ ಬರ್ಲಿಕ್ಕೆ 14 ವರ್ಷ. ತಾಳು ಅಂತ ಹೇಳುವ ಅಧಿಕಾರ ಅವರಿಗೆ ಖಂಡಿತ ಇತ್ತು.)

ಇನ್ನೊಂದು ವಿಷಯ. ನಾವು ಮಂಗಳೂರಿನವರು ದಿನಾ ಮಾತಾಡುವಾಗ ಈ ಎರಡು ಪದವನ್ನೂ ಮುಟ್ಟುದೇ ಕಮ್ಮಿ. ಮೈಸೂರು ಬದಿಯವರು "ತಾಳಿ, ಬಂದೆ" ಅಂತಾರೆ, ನಾವು "ಸ್ವಲ್ಪ ನಿಲ್ಲಿ" ಅಂತೇವೆ, ತುಳುವಿನ "ಒಂತೆ ಉಂತುಲೆ" ಹಾಗೆಯೇ ಕನ್ನಡಕ್ಕೆ ಇಳಿದಿದೆ. ನಮ್ಮ ಅತ್ತಿಗೆ ಮೈಸೂರಿನವರು, ಮದುವೆಯಾಗಿ ಬಂದ ಹೊಸತರಲ್ಲಿ ಚಾಪೆ ಮೇಲೆ ಕೂತಿದ್ದಾಗ ಅಮ್ಮ ಅಡುಗೆಮನೆಯಿಂದ "ಸ್ವಲ್ಪ ನಿಲ್ಲು, ಚಾ ತರ್ತೇನೆ" ಅಂದದ್ದಕ್ಕೆ ಪಾಪ ಎದ್ದು ನಿಂತೇಬಿಟ್ರು, ಅಮ್ಮ ಚಾ ತಂದು "ಯಾಕೆ ನಿಂತದ್ದು, ಕೂತ್ಕೋ" ಅಂದ್ರು! ನೋವಾದ್ರೆ "ತಡ್ಕೊ", ಅವಸರ ಮಾಡಿದ್ರೆ "ಪುರ್ಸೊತ್ತಲ್ಲಿ ಮಾಡು". ಗುಣ ಅಂತ ಹೇಳ್ಬೇಕಾದ್ರೆ ಮಾತ್ರ "ಅವನಿಗೆ ಒಂಚೂರು ಪೇಷೆನ್ಸ್ ಇಲ್ಲ". ಸೈರಣೆ ಅಂತೂ ನಮ್ಮಜ್ಜಿ ಬಾಯಲ್ಲಿ ಕೇಳಿದ್ದೇ ಕೊನೆ.

ನಾನು ಕೇಳ್ಬೇಕಿದ್ದದ್ದು ಎರಡು. ತಾಳ್ಮೆ ಕೆಲಸಕ್ಕೆ, ಸಹನೆ ಮನುಷ್ಯರಿಗೆ ಅನ್ನುವ ಈ ವ್ಯತ್ಯಾಸ ನಿಮ್ಮ ಕಿವಿಗೂ ಉಂಟಾ, ಅಲ್ಲ ಆ ಅಜ್ಜನಿಗೂ ನನಗೂ ಮಾತ್ರವಾ? ಮತ್ತೆ ಕುಂದಾಪುರ ಬದಿಯವರು, ಹವ್ಯಕರು ಮನೆಯಲ್ಲಿ ಅವಸರ ಮಾಡುವ ಮಕ್ಕಳಿಗೆ ಏನಂತ ಹೇಳುದು? ಬೋರ್ಡಿನ ವಿಷಯ ಕೇಳಿದ್ರೆ, ನಾನಾದ್ರೆ "ಕೂತ್ಕೊಳ್ಳಿ, ಹೆಸರು ಕರೀತೇವೆ" ಅಂತ ಬರೀತಿದ್ದೆ. ನಮ್ಮನ್ನು ಕರೆಯುವಾಗ ಎರಡೂವರೆ ಗಂಟೆ ಆಗಿತ್ತು, ಅಜ್ಜನದ್ದು 47.