ಮನುಷ್ಯನ ಡಿಎನ್‌ಎ ನಕಲು ಎಲ್ಲಿಂದ ಶುರುವಾಗುತ್ತದೆ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ದ್ವಿತೀಯ ಪಿಯುಸಿಗೆ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಡಿಎನ್‌ಎ ನಕಲು ‘ಓರಿ’ ಅನ್ನುವ ಜಾಗದಿಂದ ಶುರುವಾಗುತ್ತದೆ ಅಂತ ಹೇಳಿದೆ. ಒಬ್ಬ ಹುಡುಗಿ ಎದ್ದು, "ಮನುಷ್ಯರಲ್ಲಿ ಆ ಜಾಗ ಎಲ್ಲಿದೆ ಸರ್? ಅದರ ಅಕ್ಷರಗಳು ಯಾವುವು?" ಅಂದಳು. ಉತ್ತರ ಗೊತ್ತಿರಲಿಲ್ಲ. ನೀವು ಲ್ಯಾಬಿನಲ್ಲಿ ಡಿಎನ್‌ಎ ನಕಲಿನ ಮೇಲೇ ಕೆಲಸ ಮಾಡುವವರು, ಸ್ವಲ್ಪ ಬಿಡಿಸಿ ಹೇಳ್ತೀರಾ?

ಉತ್ತರ: ಮೊದಲು ಆ ಹುಡುಗಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ ಸರ್. ಹತ್ತಾರು ವರ್ಷ ವಿಜ್ಞಾನಿಗಳು ಹುಡುಕಿದ್ದು ಅದನ್ನೇ. ಅಂಥ ಒಂದು ಗೊತ್ತಾದ ಅಕ್ಷರಸಾಲು (ಡಿಎನ್‌ಎಯ ಎ, ಟಿ, ಜಿ, ಸಿ ಅಕ್ಷರಗಳ ಸಾಲು) ನಮ್ಮಲ್ಲಿ ಇಲ್ಲ.

ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಇದೆ. ಅದರ 46 ಲಕ್ಷ ಅಕ್ಷರಗಳಲ್ಲಿ ಸುಮಾರು 250 ಅಕ್ಷರದ ಒಂದೇ ಜಾಗ, ಅಲ್ಲಿಂದ ಎರಡೂ ಕಡೆಗೆ ನಕಲು ಸಾಗುತ್ತದೆ. ಬೇಕರಿ ಯೀಸ್ಟ್‌ನಲ್ಲಿ ಇಂಥ ಜಾಗಗಳು ನೂರಾರು. ಅವುಗಳಲ್ಲಿ 11 ಅಕ್ಷರದ ಒಂದು ಗುರುತು ಮತ್ತೆ ಮತ್ತೆ ಸಿಗುತ್ತದೆ. ಆ ಗುರುತು ಹಿಡಿದು ಕೂರುವ ಪ್ರೋಟೀನ್ ಗುಂಪು ಓಆರ್‌ಸಿ. ಅದನ್ನು 1992ರಲ್ಲಿ ಸ್ಟೀಫನ್ ಬೆಲ್ ಮತ್ತು ಬ್ರೂಸ್ ಸ್ಟಿಲ್‌ಮನ್ ಕಂಡುಹಿಡಿದರು. ನಮ್ಮ ಜೀವಕೋಶಗಳಲ್ಲೂ ಓಆರ್‌ಸಿ ಇದೆ. ಆದರೆ ಅದು ಅಕ್ಷರ ನೋಡಿ ಕೂರುವುದಿಲ್ಲ. ಡಿಎನ್‌ಎ ಸಡಿಲವಾಗಿ ತೆರೆದುಕೊಂಡಿರುವ ಕಡೆ, ಅದರಲ್ಲೂ ಚುರುಕಾಗಿ ಕೆಲಸ ಮಾಡುತ್ತಿರುವ ಜೀನ್‌ಗಳ ಆಸುಪಾಸಿನಲ್ಲಿ ಜಾಸ್ತಿ ಕೂರುತ್ತದೆ.

ಒಂದೇ ಜಾಗ ಸಾಲದು ಅನ್ನುವುದನ್ನು ಬೋರ್ಡಿನ ಮೇಲೆ ಲೆಕ್ಕ ಮಾಡಿ ತೋರಿಸಿ. ನಮ್ಮ 1ನೇ ಕ್ರೋಮೋಸೋಮಿನಲ್ಲಿ ಸುಮಾರು 25 ಕೋಟಿ ಅಕ್ಷರ ಜೋಡಿಗಳಿವೆ. ನಕಲು ಒಂದು ದಿಕ್ಕಿಗೆ ನಿಮಿಷಕ್ಕೆ ಸುಮಾರು 2,000 ಅಕ್ಷರ ಸಾಗುತ್ತದೆ, ಎರಡು ದಿಕ್ಕಿಗೆ 4,000. ನಡುಮಧ್ಯದಿಂದ ಶುರು ಮಾಡಿದರೂ 43 ದಿನ ಬೇಕು! ಜೀವಕೋಶ ಸುಮಾರು 8 ಗಂಟೆಯಲ್ಲಿ ಮುಗಿಸುತ್ತದೆ, ಯಾಕೆಂದರೆ ಅದು ಒಂದು ಸುತ್ತಿನಲ್ಲಿ ಹತ್ತಾರು ಸಾವಿರ ಜಾಗಗಳಿಂದ ಹೊರಡುತ್ತದೆ.

ಇದನ್ನು ಕಣ್ಣಾರೆ ನೋಡಬಹುದು. ಲ್ಯಾಬಿನಲ್ಲಿ ಜೀವಕೋಶಗಳಿಗೆ ಮೊದಲು ಒಂದು ಗುರುತಿನ ವಸ್ತು, ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಕೊಡುತ್ತೇವೆ. ಆಮೇಲೆ ಗಾಜಿನ ಸ್ಲೈಡ್ ಮೇಲೆ ಅವುಗಳನ್ನು ಒಡೆದು, ಸ್ಲೈಡನ್ನು ಓರೆಯಾಗಿ ಹಿಡಿಯುತ್ತೇವೆ. ಹನಿ ಮೆಲ್ಲಗೆ ಜಾರುತ್ತಾ ಡಿಎನ್‌ಎ ಎಳೆಗಳನ್ನು ನೆಟ್ಟಗೆ ಹಾಸುತ್ತದೆ. ಮೊದಲು ಕೊಟ್ಟದ್ದಕ್ಕೆ ಕೆಂಪು, ಆಮೇಲೆ ಕೊಟ್ಟದ್ದಕ್ಕೆ ಹಸಿರು ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಡುವೆ ಕೆಂಪು, ಎರಡೂ ತುದಿಗೆ ಹಸಿರು ಇರುವ ಗೆರೆಗಳು. ಅಂಥ ಗೆರೆಯ ನಡುಭಾಗವೇ ಶುರುವಾದ ಜಾಗ. ಎಷ್ಟು ಸಲ ನೋಡಿದರೂ ನನಗೆ ಇದು ಹಳತಾಗಿಲ್ಲ. ಹ್ಯೂಬರ್‌ಮನ್ ಮತ್ತು ರಿಗ್ಸ್ 1968ರಲ್ಲಿ ಚೈನೀಸ್ ಹ್ಯಾಮ್‌ಸ್ಟರ್ ಜೀವಕೋಶಗಳಲ್ಲಿ ಇದನ್ನೇ ವಿಕಿರಣ ಸೂಸುವ ಥೈಮಿಡಿನ್ (ಡಿಎನ್‌ಎ ಕಟ್ಟಲು ಬಳಕೆಯಾಗುವ ಒಂದು ವಸ್ತು) ಬಳಸಿ ತೋರಿಸಿದ್ದರು.

ಪ್ರಶ್ನೆ: ಹಾಗಾದರೆ ಎಲ್ಲಿಂದ ಬೇಕಾದರೂ ಶುರುವಾಗಬಹುದಾ ಮೇಡಂ? ಒಂದೇ ಜಾಗ ಎರಡು ಸಲ ನಕಲಾದರೆ?

ಉತ್ತರ: ಎಲ್ಲಿಂದ ಬೇಕಾದರೂ ಅಲ್ಲ. ಜಾಸ್ತಿ ಒಲವಿರುವ ವಲಯಗಳಿವೆ. ಅದೇ ಹ್ಯಾಮ್‌ಸ್ಟರ್‌ನಲ್ಲಿ ಡಿಎಚ್‌ಎಫ್‌ಆರ್ ಅನ್ನುವ ಜೀನ್ ಪಕ್ಕ ಸುಮಾರು 55,000 ಅಕ್ಷರಗಳ, ಜೀನ್ ಇಲ್ಲದ ಜಾಗವಿದೆ. ನಕಲು ಅದರೊಳಗೆ ಒಂದು ಸಲ ಇಲ್ಲಿಂದ, ಇನ್ನೊಂದು ಸಲ ಅಲ್ಲಿಂದ ಹೊರಡುತ್ತದೆ. ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವ ತಾಣವನ್ನೇ ಕತ್ತರಿಸಿ ತೆಗೆದರು. ಉಳಿದ ಜಾಗದಿಂದ ಕೆಲಸ ನಡೆದೇ ನಡೆಯಿತು. ನನಗೆ ಈ ಪ್ರಯೋಗ ತುಂಬಾ ಇಷ್ಟ. ಸಸ್ತನಿಗಳಲ್ಲಿ ‘ಓರಿ’ ಅಂದರೆ ಒಂದು ಚುಕ್ಕಿ ಅಲ್ಲ, ಒಂದು ಬಯಲು ಅಂತ ಹೇಳಿದರೆ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ.

ಎರಡು ಸಲ ಆಗದಂತೆ ತಡೆಯುವುದು ಸಮಯದ ಕಟ್ಟುಪಾಡು. ನಕಲು ಶುರುವಾಗುವ ಮೊದಲೇ ಓಆರ್‌ಸಿ ಮತ್ತು ಅದರ ಜೊತೆಗಾರರು ಡಿಎನ್‌ಎಗೆ ಎಂಸಿಎಂ ಅನ್ನುವ ಉಂಗುರಗಳನ್ನು ಜೋಡಿ ಜೋಡಿಯಾಗಿ ತೊಡಿಸುತ್ತವೆ. ಮುಂದೆ ಡಿಎನ್‌ಎಯ ಎರಡು ಎಳೆಗಳನ್ನು ಬಿಡಿಸುವುದು ಈ ಉಂಗುರಗಳೇ. ನಕಲು ಶುರುವಾದ ಮೇಲೆ ಹೊಸ ಉಂಗುರ ತೊಡಿಸಲು ಬಿಡುವುದಿಲ್ಲ. ತೊಡಿಸುವ ಪ್ರೋಟೀನ್‌ಗಳಲ್ಲೊಂದಾದ ಸಿಡಿಟಿ1 ಅನ್ನು ಜೆಮಿನಿನ್ ಅನ್ನುವ ಇನ್ನೊಂದು ಪ್ರೋಟೀನ್ ಹಿಡಿದು ಕಟ್ಟಿಹಾಕುತ್ತದೆ. ತೊಡಿಸಿದ ಉಂಗುರಗಳಲ್ಲೂ ಹೆಚ್ಚಿನವು ಸುಮ್ನೆ ಕೂತಿರುತ್ತವೆ. ಎಲ್ಲಾದರೂ ನಕಲು ಸಿಕ್ಕಿಹಾಕಿಕೊಂಡಾಗ ಪಕ್ಕದ ಜೋಡಿ ಎದ್ದು ಉಳಿದದ್ದನ್ನು ಮುಗಿಸುತ್ತದೆ.

ಪ್ರಶ್ನೆ (ಇನ್ನೊಬ್ಬರಿಂದ): ನಾನು ನರ್ಸ್, ಮೇಡಂ. ಈ ಉಂಗುರ ತೊಡಿಸುವುದರಲ್ಲಿ ದೋಷವಿದ್ದರೆ ಮಕ್ಕಳಿಗೆ ಕಾಯಿಲೆ ಬರುತ್ತಾ?

ಉತ್ತರ: ಬರುತ್ತದೆ ಸಿಸ್ಟರ್, ತೀರಾ ಅಪರೂಪಕ್ಕೆ. ಮೈಯರ್-ಗಾರ್ಲಿನ್ ಸಿಂಡ್ರೋಮ್ ಅಂತ ಹೆಸರು. ಮಗು ಗಿಡ್ಡ, ಕಿವಿ ಚಿಕ್ಕದು, ಮಂಡಿ ಚಿಪ್ಪು ಸಣ್ಣದು ಅಥವಾ ಇರುವುದೇ ಇಲ್ಲ. ಇದರ ಹಿಂದೆ ಓಆರ್‌ಸಿ1, ಓಆರ್‌ಸಿ4, ಓಆರ್‌ಸಿ6, ಸಿಡಿಟಿ1, ಸಿಡಿಸಿ6 ಜೀನ್‌ಗಳ ದೋಷವಿರಬಹುದು ಅಂತ 2011ರಲ್ಲಿ ಗೊತ್ತಾಯಿತು. ಹೆಚ್ಚಿನ ಮಕ್ಕಳ ಬುದ್ಧಿ ಬೆಳವಣಿಗೆ ಚೆನ್ನಾಗಿಯೇ ಇರುತ್ತದೆ, ತಂದೆತಾಯಿಗೆ ಇದನ್ನು ಮರೆಯದೆ ಹೇಳಬೇಕು. ಈ ಮೂರು ಲಕ್ಷಣ ಒಟ್ಟಿಗೆ ಕಂಡರೆ ಜೆನೆಟಿಕ್ಸ್ ವೈದ್ಯರ ಹತ್ತಿರ ಕಳಿಸಿ.