ಪ್ರಾರ್ಥನೆಗೆ ಕೂತ್ರೆ ಮನಸ್ಸು ಇಡ್ಲಿ ಹಿಟ್ಟಿನ ಹತ್ರ ಓಡುತ್ತೆ, ಏನ್ ಮಾಡೋದು?

ಚೆನ್ನಮ್ಮ ಸರ್ಕಲ್:

ಎಲ್ರಿಗೂ ವಂದನೆ. ಸ್ವಲ್ಪ ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ.

ನಾನು ಹುಬ್ಬಳ್ಳಿಯವಳು, ಹುಟ್ಟಿದಾಗಿಂದ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚ್, ಮದ್ವೆ ಆಗಿ ಬೆಂಗಳೂರಿಗೆ ಬಂದು ಹನ್ನೊಂದು ವರ್ಷ. ಎರಡು ಮಕ್ಕಳು, ಅತ್ತೆ ನಮ್ ಜೊತೇಲೇ ಇದಾರೆ, ನಂದು ಅಕೌಂಟ್ಸ್ ಕೆಲಸ, ಬಸ್ಸಲ್ಲಿ ಹೋಗಿ ಬರೋಕೇ ದಿನಕ್ಕೆ ಮೂರು ಗಂಟೆ. ಬೆಳಿಗ್ಗೆ ಐದಕ್ಕೆ ಎದ್ದು ಸತ್ಯವೇದ ತೆಗೀತೀನಿ, ಒಂದು ಅಧ್ಯಾಯ ಓದ್ತೀನಿ, ಕಣ್ಣು ಮುಚ್ಕೊಂಡು ಕೂರ್ತೀನಿ, ಅಷ್ಟೇ ನೋಡಿ, ಹಿಟ್ಟು ಉಬ್ಬಿದ್ಯೋ ಇಲ್ವೋ, ಚಿಕ್ಕವನ ಪ್ರಾಜೆಕ್ಟ್‌ಗೆ ಚಾರ್ಟ್ ಶೀಟ್ ತಂದಿದ್ನಾ, 20ನೇ ತಾರೀಕು ಜಿಎಸ್‌ಟಿ ರಿಟರ್ನ್ ಹಾಕ್ಬೇಕು ಇನ್ನೂ ಒಂದು ಪಾರ್ಟಿ ಬಿಲ್ ಕಳ್ಸಿಲ್ಲ, ಇದೇ ಓಡ್ತಿರುತ್ತೆ. ಆಮೆನ್ ಅಂದ ಮೇಲೆ ನಾನು ಏನು ಓದಿದೆ ಅಂತ ಕೇಳಿದ್ರೆ ದೇವರಾಣೆಗೂ ಗೊತ್ತಿರಲ್ಲ.

ಭಾನುವಾರ ಇನ್ನೂ ಕಷ್ಟ. ಎಲ್ರೂ ಕಣ್ಮುಚ್ಚಿ ಹಾಡ್ತಿರ್ತಾರೆ, ಪಕ್ಕದ ಆಂಟಿ ಕಣ್ಣಲ್ಲಿ ನೀರು, ನಾನು ಮಾತ್ರ ಒಣ ಕಟ್ಟಿಗೆ ಥರ ನಿಂತಿರ್ತೀನಿ. ಹೋದ ತಿಂಗಳು ಒಬ್ರು ಪ್ರಸಂಗಿಗಳು ಬಂದಿದ್ರು, ಸಂತೋಷ ಇಲ್ಲದ ಕ್ರೈಸ್ತ ಅಂದ್ರೆ ನಂಬಿಕೇಲೇ ಏನೋ ತೊಂದ್ರೆ ಇದೆ ಅನ್ನೋ ಥರ ಮಾತಾಡಿದ್ರು, ಅವತ್ತಿಂದ ಅದೇ ತಲೇಲಿ ಕೊರೀತಿದೆ. ನಂಬಿಕೆ ಹೋಗಿಲ್ಲ ರೀ. ರುಚಿ ಹೋಗಿದೆ. ಯಾರಿಗಾದ್ರೂ ಹಿಂಗೆ ಆಗಿದ್ಯಾ?

ಜಾವದ ಬ್ರದರ್:

ಸಿಸ್ಟರ್, ಕರ್ತನಿಗೆ ಸ್ತೋತ್ರ. ನಾಲ್ಕಕ್ಕೆ ಎದ್ದೇಳಿ. ಮೊಬೈಲ್ ಬೇರೆ ರೂಮಲ್ಲಿಡಿ. ಶುಕ್ರವಾರ ಉಪವಾಸ ಮಾಡಿ. ಬಾಯಿಬಿಟ್ಟು ಜೋರಾಗಿ ಪ್ರಾರ್ಥಿಸಿ, ಮನಸ್ಸಲ್ಲೇ ಮಾಡಿದ್ರೆ ಅಲೆದಾಡುತ್ತೆ. ಯೇಸುಸ್ವಾಮಿಯೇ ಇನ್ನೂ ಕತ್ತಲಿರುವಾಗ ಎದ್ದು ಏಕಾಂತಕ್ಕೆ ಹೋಗ್ತಿದ್ರು, ಮಾರ್ಕ 1:35 ನೋಡಿ.

ಕರಾವಳಿ ಆಂಟಿ:

ಅಯ್ಯೋ ಬ್ರದರ್, ಅವಳು ಐದಕ್ಕೆ ಏಳ್ತೇನೆ ಅಂದ್ರೆ ನೀವು ನಾಲ್ಕಕ್ಕೆ ಅಂತೀರಿ, ನಾಳೆ ಇನ್ನೊಬ್ರು ಬಂದು ಮೂರಕ್ಕೆ ಅಂತಾರೆ. ನಿಮ್ಮ ಮನೆಯಲ್ಲಿ ತಿಂಡಿ ಮಾಡುವುದು ಯಾರು, ಮೊದಲು ಅದನ್ನು ಹೇಳಿ ಮಾರಾಯ್ರೆ.

ನೋಡು ಮಗಾ, ನಾನು ಮಂಗಳೂರಿನವಳು, ಕೆಥೊಲಿಕ್, ಹಾಗಾಗಿ ನಮ್ಮ ರೀತಿ ಸ್ವಲ್ಪ ಬೇರೆ. ನಮ್ಮ ಅಮ್ಮ ಬೀಡಿ ಕಟ್ಟುತ್ತಿದ್ದಳು. ಇಗರ್ಜಿಯಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಗಂಟೆ ಹೊಡೀತದಲ್ಲಾ, ಕನ್ನಡದಲ್ಲಿ ತ್ರಿಕಾಲ ಪ್ರಾರ್ಥನೆ ಅಂತಾರೆ, ನಾವು ಕೊಂಕಣಿಯಲ್ಲಿ ಆಮೊರಿ ಅನ್ನುವುದು. ಆ ಗಂಟೆ ಕೇಳಿದ ಕೂಡ್ಲೆ ಗೆರಸೆ ಮಡಿಲಿಂದ ಕೆಳಗಿಟ್ಟು, ತಂಬಾಕಿನ ಕೈಯನ್ನು ಸೀರೆಗೆ ಒರೆಸಿ ನಿಲ್ಲುತ್ತಿದ್ದಳು. ಎರಡು ನಿಮಿಷ. ಪುನಃ ಕೂತು ಬೀಡಿ. ಮನಸ್ಸು ಏಕಾಗ್ರ ಆಯ್ತಾ ಇಲ್ವಾ ಅಂತ ಅವಳು ಯಾವತ್ತೂ ಲೆಕ್ಕ ಹಾಕಿದವಳಲ್ಲ, ಅವಳಿಗೆ ಲೆಕ್ಕ ಹಾಕ್ಲಿಕ್ಕೆ ಬೀಡಿಯೇ ಇತ್ತು. ನಿನಗೆ ಗಂಟೆ ಕೇಳದಿದ್ದರೆ ಏನಾಯ್ತು, ಕುಕ್ಕರ್ ಸೀಟಿ ಉಂಟಲ್ಲಾ? ಅದಕ್ಕೇ ನಿಲ್ಲು.

ಇನ್ನೊಂದು. 17ನೇ ಶತಮಾನದಲ್ಲಿ ಪ್ಯಾರಿಸ್‌ನ ಕಾರ್ಮೆಲ್ ಮಠದಲ್ಲಿ ಬ್ರದರ್ ಲಾರೆನ್ಸ್ ಅಂತ ಒಬ್ಬರಿದ್ರು, 1691ರಲ್ಲಿ ತೀರಿಕೊಂಡ್ರು. ಮೊದಲು ಸೈನಿಕ, ಕಾಲು ಊನ, ಮಠದಲ್ಲಿ ಅವರಿಗೆ ಸಿಕ್ಕಿದ್ದು ಅಡಿಗೆ ಕೆಲಸ. ಮಜಾ ಏನಂದ್ರೆ ಅವರಿಗೆ ಅಡಿಗೆ ಕೆಲಸ ಕಂಡ್ರೇ ಆಗ್ತಿರಲಿಲ್ಲ. ಆದ್ರೂ ವರ್ಷಗಟ್ಟಲೆ ಅಲ್ಲೇ ಪಾತ್ರೆಗಳ ನಡುವೆ ದೇವರ ಹತ್ರ ಮಾತಾಡ್ಲಿಕ್ಕೆ ಕಲಿತ್ರು. ಮನಸ್ಸು ಓಡಿ ಹೋದ್ರೆ ತನ್ನನ್ನು ತಾನೇ ಬೈದುಕೊಂಡು ಕೂರುವುದಲ್ಲ, ಸುಮ್ಮನೆ ವಾಪಸ್ ಕರ್ಕೊಂಡು ಬರುವುದು, ಅಷ್ಟೇ ಅವರ ಉಪಾಯ. ಮತ್ತೆ ಬಡಿಸುವ ಗಡಿಬಿಡಿಯಲ್ಲಿದ್ದ ಮಾರ್ಥಳಿಗೆ ಯೇಸು ಬುದ್ಧಿ ಹೇಳಿದ ಕತೆ ಹೇಳಿ ಯಾರಾದ್ರೂ ನಿನ್ನನ್ನು ಹೆದರಿಸಿದ್ರೆ ಯೋಹಾನ 12 ತೆಗೆದು ತೋರಿಸು. ಅಲ್ಲಿ ಮಾರ್ಥ ಪುನಃ ಬಡಿಸ್ತಾ ಇದ್ದಾಳೆ, ಸ್ವಾಮಿ ಒಂದು ಮಾತು ಬೈಲಿಲ್ಲ.

ನೈಟ್ ಡ್ಯೂಟಿ:

ನಾನು ನರ್ಸ್, ಐಸಿಯು, ತಿಂಗಳಲ್ಲಿ ಹೆಚ್ಚುಕಡಿಮೆ ಅರ್ಧ ನೈಟೇ. ನಂಗೆ ಬೆಳಗಿನ ಪ್ರಾರ್ಥನೆ ಅನ್ನೋದೇ ಇಲ್ಲ ಯಾಕಂದ್ರೆ ನನ್ ಬೆಳಿಗ್ಗೆ ಅಂದ್ರೆ ನಿದ್ದೆ 😅 ಮೊದ್ಲೆಲ್ಲಾ ತುಂಬಾ ಗಿಲ್ಟ್ ಇತ್ತು. ಆಮೇಲೆ ಒಂದು ಅಭ್ಯಾಸ ಬಿತ್ತು, ಪ್ರತಿ ಬೆಡ್‌ಗೆ ಹೋಗೋ ಮುಂಚೆ ಹ್ಯಾಂಡ್‌ರಬ್ ಹಾಕ್ಕೊಂಡು 20-30 ಸೆಕೆಂಡ್ ಕೈ ಉಜ್ಜಬೇಕಲ್ವಾ, ಅಷ್ಟು ಹೊತ್ತು ಆ ಬೆಡ್‌ನಲ್ಲಿರೋರಿಗೋಸ್ಕರ ಪ್ರಾರ್ಥನೆ. ಹೆಸ್ರು ನೆನಪಾಗ್ದಿದ್ರೆ ಬೆಡ್ ನಂಬರ್ರೇ ಹೇಳ್ತೀನಿ, ಕರ್ತನೇ ಏಳನೇ ಬೆಡ್ ಅಜ್ಜನ್ನ ನೋಡ್ಕೋ ಅಂತ. ಕೈ ಒಣಗಿದ್ರೆ ಪ್ರಾರ್ಥನೆ ಮುಗೀತು. ಸಂತೋಷ ಉಕ್ಕಿ ಬರುತ್ತೆ ಅಂತ ಸುಳ್ಳು ಹೇಳಲ್ಲ. ಆದ್ರೆ ಮುಂಚೆ ಮೂರು ಗಂಟೆ ಹೊತ್ತಿಗೆ ಮಾನಿಟರ್ ಸದ್ದು ಕೇಳಿದ್ರೆ ತಲೆ ಕೆಡ್ತಿತ್ತು, ಈಗ ಅದೇ ಸದ್ದಿಗೆ ಹಿಂದಿನ ರಾತ್ರಿ ಯಾರಿಗೆ ಪ್ರಾರ್ಥಿಸಿದ್ದೆ ಅಂತ ನೆನಪಾಗುತ್ತೆ.

ಅಧ್ಯಾಯ ಮುಗಿಸಲೇಬೇಕು ಅನ್ನೋದನ್ನ ಬಿಟ್ಬಿಡಿ. ಕೀರ್ತನೆ 13 ಓದಿ, ಆರೇ ವಚನ, ಬಸ್ ಸಿಗ್ನಲ್ ಬಿಡೋದ್ರೊಳಗೆ ಮುಗಿಯುತ್ತೆ. ಎಷ್ಟು ಕಾಲ ಅಂತ ಅದನ್ನ ಬರೆದವನು ನಾಲ್ಕು ಸಲ ದೇವರನ್ನೇ ಕೇಳ್ತಾನೆ, ಜಗಳಕ್ಕೆ ನಿಂತವನ ಥರ, ಆದ್ರೂ ಕೊನೇಲಿ ಹಾಡ್ತಾನೆ. 88ನೇ ಕೀರ್ತನೆಯವನು ಅದೂ ಮಾಡಲ್ಲ, ಕತ್ತಲಲ್ಲೇ ಮುಗಿಸ್ತಾನೆ. ಅದನ್ನೂ ಸತ್ಯವೇದದಲ್ಲಿ ಇಟ್ಟಿದಾರೆ ಅಂದ್ರೆ ನಿಮ್ಮ ಒಣ ಭಾನುವಾರಕ್ಕೂ ಜಾಗ ಇದೆ ಅಂತ ತಾನೆ.

ಧಾರವಾಡದ ಮೇಷ್ಟ್ರು:

ತಂಗಿ, ಇದು ಹೊಸಾ ರೋಗ ಅಲ್ಲ, ಭಾಳ ಹಳೇದು. ನಾಲ್ಕನೇ ಶತಮಾನದಾಗ ಈಜಿಪ್ಟಿನ ಮರುಭೂಮಿಯೊಳಗ ಇವಾಗ್ರಿಯಸ್ ಅನ್ನೋ ಸನ್ಯಾಸಿ ಇದನ್ನ ಬರದಿಟ್ಟಾನ. ಮಟಮಟ ಮಧ್ಯಾಹ್ನ, ಹೊತ್ತು ಮುಂದಕ್ಕ ಹೋಗವಲ್ದು, ಸನ್ಯಾಸಿ ಘಳಿಗಿಗೊಮ್ಮೆ ಸೂರ್ಯ ಎಲ್ಲಿಗೆ ಬಂದಾನ ನೋಡ್ತಾನ, ಯಾರರ ಮಾತಾಡ್ಸಾಕ ಬರ್ತಾರೇನು ಅಂತ ಇಣುಕ್ತಾನ, ಈ ಜಾಗಾನೇ ಸರಿ ಇಲ್ಲ ಅನಸ್ತದ. ಅದಕ್ಕ ಅವರು ಮಧ್ಯಾಹ್ನದ ದೆವ್ವ ಅಂತ ಹೆಸರಿಟ್ಟಿದ್ರು. ಮನಿ ಮಠಾ ಬಿಟ್ಟು, ಮಕ್ಕಳು ಮರಿ ಇಲ್ದ, ದೇವರ ಧ್ಯಾನಕ್ಕಂತಲೇ ಮರುಭೂಮಿಗೆ ಹೋದವರಿಗೇ ಹಿಂಗಾದ್ರ, ಜಿಎಸ್‌ಟಿ ತುಂಬೋ ನಿನಗ ಆಗಬಾರದೇನು? ಅವರು ಹೇಳಿದ ಔಷಧ ಅಂದ್ರ, ಜಾಗಾ ಬಿಟ್ಟು ಓಡಬ್ಯಾಡ, ಕೈಯಾಗಿನ ಕೆಲಸ ಮಾಡು, ಸಣ್ಣ ಸಣ್ಣ ಪ್ರಾರ್ಥನಿ ಹೇಳು.

ಸಂತೋಷದ ಮಾತಿಗೆ ಬಂದ್ರ, ಯಾವಾಗಲೂ ಸಂತೋಷಿಸ್ರಿ ಅಂತ ಪೌಲ ಫಿಲಿಪ್ಪಿಯವರಿಗೆ ಬರದದ್ದು ಜೇಲಿನಾಗಿಂದ. ಅದೇ ಪತ್ರದಾಗ ಇದ್ದುದರಾಗ ತೃಪ್ತನಾಗಿರೋದನ್ನ ಕಲ್ತೀನಿ ಅಂತಾನ. ಕಲ್ತೀನಿ ಅಂದಾನ, ನೋಡ್ರಿ, ಹುಟ್ಟಿದಾಗಿಂದ ಬಂದಿತ್ತು ಅಂದಿಲ್ಲ. ನಮ್ಮ ಕಿಟೆಲ್ ಸಾಹೇಬರನ್ನೇ ತಗೋ, ಬಾಸೆಲ್ ಮಿಶನ್ನಿನವರು, ಸುವಾರ್ತೆ ಸಾರಾಕ ಅಂತ ಜರ್ಮನಿಯಿಂದ ಬಂದವರು, ವರ್ಷಗಟ್ಟಲೆ ಕನ್ನಡ ಶಬ್ದ ಆರಿಸ್ಕೋತ ಕುಂತ್ರು, 1894ರಾಗ ನಿಘಂಟು ಹೊರಬಂತು. ದಿನಾ ಒಂದೊಂದು ಶಬ್ದಕ್ಕ ಅರ್ಥ ಬರಿಯೋವಾಗ ಅವರ ಎದಿ ತುಂಬಿ ಬರ್ತಿತ್ತೇನು? ನನಗ ನಂಬಿಗಿ ಇಲ್ಲ. ಬೇಸರಾನೂ ಬಂದಿರಬೇಕು, ಬೆನ್ನೂ ನೋಯ್ತಿರಬೇಕು.

ಒಂದು ಮಾತು ಮಾತ್ರ ಖರೇ ಹೇಳ್ತೀನಿ. ನಿದ್ದಿ, ಊಟ ಎಲ್ಲಾ ಕೆಟ್ಟು, ಮಕ್ಕಳ ಮಾರಿ ನೋಡಿದ್ರೂ ಏನೂ ಅನಸದಂಗ ವಾರಗಟ್ಟಲೆ ಆಗಿದ್ರ ಡಾಕ್ಟರಿಗೆ ತೋರಸು, ಅದಕ್ಕ ನಂಬಿಗಿ ಕಮ್ಮಿ ಅಂತ ಹೆಸರಿಡಬ್ಯಾಡ. 1 ಅರಸುಗಳು 19ರಾಗ ಪ್ರವಾದಿ ಎಲೀಯ ಸಾಯ್ತೀನಿ ಅಂತ ಗಿಡದ ಕೆಳಗ ಮಲಗಿದಾಗ ದೇವದೂತ ಪ್ರಸಂಗ ಮಾಡಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮಲಗಾಕ ಬಿಟ್ಟ, ಎಬ್ಬಿಸಿ ಮತ್ತ ಉಣಿಸಿದ.

ಜಾವದ ಬ್ರದರ್:

ಆಂಟಿ, ನಮ್ಮನೇಲಿ ತಿಂಡಿ ಮಾಡೋದು ಅಮ್ಮ. ಇವತ್ತು ಅವರಿಗೆ ಕೇಳ್ದೆ ನೀವು ಯಾವಾಗ ಪ್ರಾರ್ಥನೆ ಮಾಡ್ತೀರಾ ಅಂತ, ನೀನು ಎದ್ದು ಗಲಾಟೆ ಶುರು ಮಾಡೋ ಮುಂಚೆ ಅಂದ್ರು. ಜೋರಾಗಿ ಪ್ರಾರ್ಥಿಸಿ ಅನ್ನೋದನ್ನ ವಾಪಸ್ ತಗೋತೀನಿ. ಮೊಬೈಲ್ ಬೇರೆ ರೂಮಲ್ಲಿಡಿ ಅನ್ನೋದನ್ನ ತಗೋಳಲ್ಲ.

ಚೆನ್ನಮ್ಮ ಸರ್ಕಲ್:

ಎರಡು ವಾರ ಆದ್ಮೇಲೆ ಬರೀತಿದೀನಿ, ಮಂತ್ ಎಂಡ್ ಇತ್ತು, ಎಲ್ರಿಗೂ ಥ್ಯಾಂಕ್ಸ್. ಮೇಷ್ಟ್ರೇ, ಎಲೀಯನ ಭಾಗ ಓದಿ ಸ್ವಲ್ಪ ಅತ್ಬಿಟ್ಟೆ, ತುಂಬಾ ದಿನ ಆಗಿತ್ತು. ನಿದ್ದೆ ಊಟ ಸರಿ ಇದೆ, ಮಕ್ಕಳ ಹತ್ರ ನಗ್ತೀನಿ, ಆದ್ರೂ ಹಂಗೇ ಮುಂದುವರಿದ್ರೆ ತೋರಿಸ್ತೀನಿ. ಬೆಳಿಗ್ಗೆ ಈಗ ಅಧ್ಯಾಯ ಇಲ್ಲ, ನಾಲ್ಕೈದು ವಚನ ಅಷ್ಟೇ. ಹಿಟ್ಟು ನೆನಪಾದ್ರೆ ಎದ್ದು ಹೋಗಿ ನೋಡ್ಕೊಂಡು ಬಂದು ಮತ್ತೆ ಕೂರ್ತೀನಿ, ಮುಂಚೆ ಕೂತಲ್ಲೇ ಒದ್ದಾಡ್ತಿದ್ದೆ. ಹೋದ ಭಾನುವಾರನೂ ಒಣಗೇ ಇತ್ತು, ಆದ್ರೆ ಪಕ್ಕದ ಆಂಟೀನ ನೋಡಿ ಹೊಟ್ಟೆಕಿಚ್ಚು ಆಗ್ಲಿಲ್ಲ.

ಸೀಟಿ ಪ್ರಾರ್ಥನೆ ಶುರು ಮಾಡಿದೀನಿ ಆಂಟಿ. ಒಂದನೇ ಸೀಟಿಗೆ ಮಕ್ಕಳು, ಎರಡಕ್ಕೆ ಮನೆಯವರು, ಮೂರಕ್ಕೆ ಅತ್ತೆ. ಮೊದಲ ದಿನ ಕಣ್ಮುಚ್ಚಿ ನಿಂತು ಎಲ್ಲೋ ಹೋಗ್ಬಿಟ್ಟೆ, ನಿಜವಾಗ್ಲೂ ಹಗುರ ಅನಿಸ್ತು, ಕಣ್ಬಿಟ್ಟಾಗ ಬೇಳೆ ಪೂರ್ತಿ ಕರಗಿ ಪಾಯಸ ಆಗಿತ್ತು. ಅತ್ತೆ ಎರಡು ದಿನ ಸುಮ್ನೆ ನೋಡಿದ್ರು, ಆಮೇಲೆ ಕೇಳಿದ್ರು, ಹೇಳ್ದೆ. ಈಗ ಮೂರನೇ ಸೀಟಿ ಆಗ್ತಿದ್ದಂಗೆ ಹಾಲ್‌ನಿಂದಲೇ ಕೂಗ್ತಾರೆ, ಆಮೆನ್, ಗ್ಯಾಸ್ ಆಫ್ ಮಾಡು.