ಟೈಫಾಯ್ಡ್‌ನಲ್ಲಿ ಮೂಡುವ ಆ ಕೆಂಪು ಗುರುತಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಒಂದು ಪದಕ್ಕಾಗಿ ಎರಡು ವಾರದಿಂದ ಒದ್ದಾಡುತ್ತಿದ್ದೇನೆ. ನಿಮ್ಮ ನೆರವು ಬೇಕು.

ರಾಯಚೂರು ಸುತ್ತಲಿನ ಹಳ್ಳಿಗಳ ಆಶಾ ಕಾರ್ಯಕರ್ತೆಯರಿಗಾಗಿ ಟೈಫಾಯ್ಡ್ ಬಗ್ಗೆ ಸಣ್ಣ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ನೀರು ಕಾಯಿಸಿ ಕುಡಿಯುವುದು, ಮಾತ್ರೆ ನಡುವೆ ಬಿಡಬಾರದು ಅನ್ನುವುದು, ಇದೆಲ್ಲ ಸಲೀಸಾಗಿ ಬಂತು. ಸಿಕ್ಕಿಬಿದ್ದದ್ದು ಚರ್ಮದ ಭಾಗದಲ್ಲಿ. ಜ್ವರ ಹಿಡಿದ ಮೊದಲ ವಾರದ ಕೊನೆಗೋ ಎರಡನೇ ವಾರದಲ್ಲೋ ಕೆಲವರಿಗೆ ಹೊಟ್ಟೆಯ ಮೇಲೆ, ಎದೆಯ ಕೆಳಗೆ ಸಣ್ಣ ಗುರುತುಗಳು ಕಾಣುತ್ತವೆ. ಅಗಲ 2ರಿಂದ 4 ಮಿಲಿಮೀಟರ್ ಅಷ್ಟೇ. ಸಾಮಾನ್ಯವಾಗಿ ತುರಿಕೆ ಇರುವುದಿಲ್ಲ. ಕೆಲವೇ ದಿನಗಳಲ್ಲಿ ತಾವಾಗಿಯೇ ಹೋಗುತ್ತವೆ. ಇವುಗಳ ಇಂಗ್ಲಿಷ್ ಹೆಸರಾದ ‘ರೋಸ್ ಸ್ಪಾಟ್ಸ್’ನಲ್ಲಿ ಗುಲಾಬಿ ಇರುವುದರಿಂದ ನಾನೂ ಮೊದಲು ‘ಗುಲಾಬಿ ಕಲೆ’ ಅಂತಲೇ ಬರೆದೆ.

ಓದಿ ಹೇಳಿದಾಗ ಒಬ್ಬ ಅಕ್ಕ ತಡೆದರು. “ಕಲೆ ಅಂದ್ರ ಉಳಿಯೋದಲ್ರೀ ಮೇಡಂ? ನೀವು ನಾಕ್ ದಿನಕ್ಕ ಹೋಗ್ತಾವ ಅಂತೀರಿ.” ಅವರ ಮಾತು ನಿಜ. ಸಿಡುಬು ಹೋದ ಮೇಲೆ ಉಳಿದದ್ದು ಕಲೆ. ಸುಟ್ಟ ಗಾಯ ಮಾಯ್ದ ಮೇಲೆ ಉಳಿದದ್ದು ಕಲೆ. ಅಲ್ಲಿಗೆ ಆ ಪದ ಹೋಯಿತು.

ಬೇರೆ ಪದಗಳನ್ನು ಒಂದೊಂದಾಗಿ ಅವರ ಮುಂದೆಯೇ ಇಟ್ಟೆ. ಗಂಧೆ ಅಂದರೆ ದಪ್ಪಗೆ ಎದ್ದು ವಿಪರೀತ ತುರಿಸಬೇಕು. ಗುಳ್ಳೆ ಅಂದರೆ ಒಳಗೆ ನೀರಿರಬೇಕು. ಬೊಕ್ಕೆ ಅಂದ ಕೂಡಲೇ ಅವರ ಮನಸ್ಸಿಗೆ ಅಮ್ಮ ಬಂದದ್ದೇ ನೆನಪಾಗುತ್ತದೆ, ಬೇವಿನ ಸೊಪ್ಪು ಹುಡುಕಲು ಹೊರಡುತ್ತಾರೆ. ಆಗ ನನಗೆ ಹೊಳೆದದ್ದು ಕ್ರಿಯಾಪದದ ವಿಷಯ. ಕಲೆ ‘ಬೀಳುತ್ತದೆ’. ಗಂಧೆ, ಬೊಕ್ಕೆ ‘ಏಳುತ್ತವೆ’. ಇವು ಬೀಳುವುದೂ ಇಲ್ಲ, ಹೇಳಿಕೊಳ್ಳುವಷ್ಟು ಏಳುವುದೂ ಇಲ್ಲ. ಇವು ‘ಮೂಡುತ್ತವೆ’. ಮೂಡುವುದು ಅಂದರೆ ಚುಕ್ಕಿ. ಹಾಗಾಗಿ ಸದ್ಯಕ್ಕೆ ‘ಹೊಟ್ಟೆಯ ಮೇಲೆ ಕೆಂಪು ಚುಕ್ಕಿ ಮೂಡುತ್ತವೆ’ ಅಂತ ಬರೆದಿದ್ದೇನೆ.

ಆದರೂ ಪೂರ್ತಿ ಸಮಾಧಾನ ಇಲ್ಲ. ಡೆಂಗಿಯಲ್ಲೂ ಕೆಂಪು ಚುಕ್ಕಿ ಬರುತ್ತವೆ ಅಲ್ವಾ? ಅಲ್ಲಿ ಚರ್ಮದೊಳಗೆ ರಕ್ತ ಜಿನುಗಿ ಆದ ಚುಕ್ಕಿಗಳೂ ಇರುತ್ತವೆ. ಅವು ಒತ್ತಿದರೆ ಹೋಗುವುದಿಲ್ಲ. ಟೈಫಾಯ್ಡ್‌ನವು ಹೋಗುತ್ತವೆ. ನನ್ನ ತಂಗಿಯ ಮಗನಿಗೆ ಜ್ವರ ಬಂದಾಗ ಇದನ್ನು ಕಣ್ಣಾರೆ ಕಂಡೆ. ಡಾಕ್ಟರು ಅವನನ್ನು ಕಿಟಕಿ ಪಕ್ಕಕ್ಕೆ ಮಲಗಿಸಿ, ಅಂಗಿ ಎತ್ತಿ, ಹೊಕ್ಕುಳ ಮೇಲಿನ ಒಂದು ಚುಕ್ಕಿಯನ್ನು ಹೆಬ್ಬೆರಳಿಂದ ಒತ್ತಿದರು. ಬೆರಳು ತೆಗೆದಾಗ ಆ ಜಾಗ ಬಿಳಚಿಕೊಂಡಿತ್ತು. ಉಸಿರು ಎಳೆದು ಬಿಡುವುದರೊಳಗೆ ಚುಕ್ಕಿ ಮತ್ತೆ ಅಲ್ಲೇ ಬಂದಿತ್ತು. ಈ ‘ಹೋಗಿ ಬರುವ’ ಗುಣ ಪದದೊಳಗೇ ಬಂದರೆ ಎಷ್ಟು ಚೆನ್ನ! ಡೆಂಗಿಯದಕ್ಕೆ ‘ರಕ್ತದ ಚುಕ್ಕಿ’ ಅಂತ ಬೇರೆಯಾಗಿಯೇ ಬರೆಯುತ್ತೇನೆ, ಅದರಲ್ಲಿ ಗೊಂದಲವಿಲ್ಲ. ಗುಲಾಬಿಯನ್ನಂತೂ ಕೈಬಿಟ್ಟೆ. ನಮ್ಮ ಕಪ್ಪು, ಗೋಧಿ ಬಣ್ಣದ ಮೈಮೇಲೆ ಈ ಚುಕ್ಕಿ ಕಾಣುವುದೇ ಕಷ್ಟ. ಗುಲಾಬಿ ಬಣ್ಣ ಹುಡುಕುತ್ತಾ ಕೂತ ತಾಯಿಗೆ ಏನೂ ಸಿಗುವುದಿಲ್ಲ. ಚುಕ್ಕಿ ಕಾಣದಿದ್ದರೆ ಟೈಫಾಯ್ಡ್ ಅಲ್ಲ ಅಂತ ಯಾರೂ ಸುಮ್ನೆ ಕೂರಬಾರದು ಅಂತಲೂ ಸೇರಿಸಿದ್ದೇನೆ.

ಇನ್ನೊಂದು ಪದವೂ ಬೇಕು. ಜ್ವರದ ಬೆವರಿಗೆ ಕತ್ತು, ಎದೆಯ ಮೇಲೆ ಇಬ್ಬನಿಯಂಥ ತಿಳಿನೀರಿನ ಗುಳ್ಳೆ ಬರುವುದುಂಟು. ಕೆಂಪಗೆ ಚುಚ್ಚುವ ಬೆವರುಸಾಲೆ ಬೇರೆ, ಇದು ಬೇರೆ. ಇಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಮಾರವಾಡಿ ಮನೆಯ ಅಜ್ಜಿ ಟೈಫಾಯ್ಡ್‌ಗೇ ‘ಮೋತಿಝರಾ’ ಅನ್ನುತ್ತಾರೆ. ಮೋತಿ ಅಂದರೆ ಮುತ್ತು. ಉರ್ದು ಮಾತಾಡುವ ನೆರೆಯವರು ‘ಮಿಯಾದಿ ಬುಖಾರ್’ ಅನ್ನುತ್ತಾರೆ, ಅಂದರೆ ಗಡುವು ಮುಗಿಯುವ ತನಕ ಬಿಡದ ಜ್ವರ. ಒಬ್ಬರು ಮೈ ನೋಡಿ ಹೆಸರಿಟ್ಟರು, ಇನ್ನೊಬ್ಬರು ದಿನ ಎಣಿಸಿ ಇಟ್ಟರು. ನಮ್ಮ ‘ವಿಷಮಶೀತ ಜ್ವರ’ದಲ್ಲಿ ಎರಡೂ ಇಲ್ಲ. ಹಳ್ಳಿಯಲ್ಲಿ ಅದನ್ನು ಕೇಳಿದವರು ‘ವಿಷ’ ಮತ್ತು ‘ಶೀತ’ ಅಂತ ಬಿಡಿಸಿಕೊಂಡು ನೆಗಡಿ ಅಂದುಕೊಳ್ಳುತ್ತಾರೆ. ಅದಕ್ಕೇ ಟೈಫಾಯ್ಡ್ ಅಂತಲೇ ಉಳಿಸಿಕೊಂಡೆ.

ಆ ಮುತ್ತಿನಂಥ ಗುಳ್ಳೆಗೆ ‘ಬೆವರುಮುತ್ತು’ ಅಂದರೆ ಒಪ್ಪುತ್ತದೆಯೇ? ಒತ್ತಿದರೆ ಹೋಗಿ ಮತ್ತೆ ಬರುವ ಚುಕ್ಕಿಗೆ ಮಾನ್ವಿ, ಸಿಂಧನೂರು, ಕೊಪ್ಪಳ, ಬಳ್ಳಾರಿ ಕಡೆ ಹಳೆಯ ಹೆಸರೇನಾದರೂ ಇದೆಯೇ? ಮನೆಯ ಹಿರಿಯರನ್ನು, ಅದರಲ್ಲೂ ಜ್ವರದವರ ಹತ್ತಿರ ಕೂತು ರಾತ್ರಿ ಕಳೆದ ಅಜ್ಜಿಯರನ್ನು ಕೇಳಿ ತಿಳಿಸಿ. ಅವರು ಅದರ ಜೊತೆ ಯಾವ ಕ್ರಿಯಾಪದ ಬಳಸಿದರು ಅನ್ನುವುದನ್ನೂ ದಯವಿಟ್ಟು ಹಾಗೆಯೇ ಬರೆಯಿರಿ.